ಹದಿಹರೆಯ: ‘ವಯಸ್ಸೇ ಹಾಗೆ’ ಅನ್ನಬಹುದಾ?

ಇವತ್ತು ಒಂದು ಪದದಿಂದ ಶುರು ಮಾಡೋಣ. ಹದಿಹರೆಯ. ಹರೆಯ ಅಂದರೆ ಪ್ರಾಯ, ಯೌವನ. ‘ಹದಿ’ ಎಲ್ಲಿದೆ ಅಂತ ಬೆರಳು ಮಡಚಿ ಎಣಿಸಿ. ಹದಿಮೂರು, ಹದಿನಾಲ್ಕು... ಹದಿನೆಂಟಕ್ಕೆ ಮುಗೀತು. ಹನ್ನೆರಡರಲ್ಲಿ ಇಲ್ಲ, ಹತ್ತೊಂಬತ್ತರಲ್ಲೂ ಇಲ್ಲ. ಇಂಗ್ಲಿಷಿನ ಟೀನೇಜ್ ಹತ್ತೊಂಬತ್ತರ ತನಕ ಹೋಗುತ್ತೆ. ಕನ್ನಡ ಒಂದು ವರ್ಷ ಮೊದಲೇ ಬಾಗಿಲು ಹಾಕುತ್ತೆ!

ಅಡೋಲಸೆಂಟ್ ಅನ್ನೋ ಪದ ಲ್ಯಾಟಿನ್ನಿನಿಂದ ಬಂದದ್ದು. ಅರ್ಥ, ಬೆಳೆಯುತ್ತಾ ಇರುವವನು. ಅದೇ ಕ್ರಿಯಾಪದದಿಂದ ಅಡಲ್ಟ್ ಬಂತು, ಬೆಳೆದು ಮುಗಿಸಿದವನು.

ಆದರೆ ಮನೆಯಲ್ಲಿ ಈ ಪದವನ್ನು ನಾವು ಹೇಗೆ ಬಳಸ್ತೀವಿ? ಮಗ ಸುಳ್ಳು ಹೇಳಿ ಸಿಕ್ಕಿಬಿದ್ದರೆ, “ಬಿಡಿ ಪಾಸ್ಟರ್, ವಯಸ್ಸೇ ಹಾಗೆ.” ಅದೇ ಮಗ ದೀಕ್ಷಾಸ್ನಾನ ತಗೋತೀನಿ ಅಂದರೆ, “ಈಗಲೇ ಯಾಕೆ, ಇನ್ನೂ ಚಿಕ್ಕವನು.” ತಪ್ಪಿಗೂ ಅದೇ ಪದ, ತೀರ್ಮಾನಕ್ಕೂ ಅದೇ ಪದ. ಹಾಗಾದರೆ ಅವನು ಯಾವುದಕ್ಕೆ ಉತ್ತರ ಕೊಡಬೇಕು?

ಇಬ್ರಿಯ ಭಾಷೆಯಲ್ಲಿ ‘ನಅರ್’ ಅಂತ ಒಂದು ಪದ ಇದೆ. ಬುಟ್ಟಿಯಲ್ಲಿ ಅಳುತ್ತಿದ್ದ ಕೂಸು ಮೋಶೆಯೂ ನಅರ್, ಹದಿನೇಳರ ಯೋಸೇಫನೂ ನಅರ್. ಒಂದೇ ಪದ, ಎಷ್ಟು ದೂರ ಚಾಚಿದೆ ನೋಡಿ. ಆದ್ದರಿಂದ ಅದನ್ನು ಯಾರು, ಯಾತಕ್ಕೆ ಹೇಳ್ತಾರೆ ಅನ್ನೋದನ್ನೇ ಗಮನಿಸಬೇಕು.

2 ಸಮುವೇಲ 18ರಲ್ಲಿ ದಾವೀದ ಅಬ್ಷಾಲೋಮನನ್ನು ಹಾಗೆ ಕರೀತಾನೆ. ಆ ಹುಡುಗ ಯಾರು? ಅಣ್ಣನನ್ನು ಕೊಲ್ಲಿಸಿದವನು, ಮಕ್ಕಳ ತಂದೆ, ಅಪ್ಪನ ಮೇಲೆಯೇ ಸೈನ್ಯ ತಂದವನು. ಅಪ್ಪನಿಗೆ ಮಾತ್ರ ಇನ್ನೂ ಹುಡುಗ! ನನಗೆ ದಾವೀದನ ಮೇಲೆ ಕೋಪ ಬರೋದಿಲ್ಲ, ಹೊಟ್ಟೆ ಉರಿಯುತ್ತೆ. ಆ ಮಮತೆ ಮಗನನ್ನು ಉಳಿಸಲಿಲ್ಲ.

ಯೆರೆಮೀಯನನ್ನು ದೇವರು ಕರೆದಾಗ ಅವನೂ ಅದೇ ಪದ ಹೇಳಿದ, ನಾನು ನಅರ್ ಅಂತ. ಹಾಗನ್ನಬೇಡ ಅಂದುಬಿಟ್ಟರು ದೇವರು. ಸೊಲೊಮೋನ ಸಿಂಹಾಸನದ ಮೇಲಿದ್ದ, ಅವನೂ ಹಾಗೇ ಅಂದ: ನಾನು ಚಿಕ್ಕ ನಅರ್. 1 ಅರಸುಗಳು 3 ಓದಿ, ಅಲ್ಲಿ ದೇವರು ಮೆಚ್ಚಿದರು. ಯಾಕೆ ಪ್ರಿಯರೇ? ಯೆರೆಮೀಯ ಆ ಪದ ಹಿಡಿದು ಹಿಂದಕ್ಕೆ ಸರಿದ. ಸೊಲೊಮೋನ ಅದೇ ಪದ ಹಿಡಿದು, ಈ ಜನರನ್ನು ನಡೆಸೋಕೆ ವಿವೇಕ ಕೊಡು ಅಂತ ಕೈ ಚಾಚಿದ. ಗೊತ್ತಿಲ್ಲ ಅಂತ ಇಬ್ಬರಿಗೂ ಗೊತ್ತಿತ್ತು.

ಅಪ್ಪ ಅಮ್ಮಂದಿರ ಭಯ ಸುಳ್ಳಲ್ಲ. ಯೂತ್ ಕ್ಯಾಂಪಿನ ಬಿಸಿಯಲ್ಲಿ ಕೈ ಎತ್ತಿದವರೆಲ್ಲ ನಿಲ್ಲೋದಿಲ್ಲ, ಅದು ನಮಗೂ ಗೊತ್ತು. ಆದರೆ ನಲವತ್ತರಲ್ಲಿ ಕೈ ಎತ್ತಿದವರೂ ಎಲ್ಲರೂ ನಿಲ್ಲೋದಿಲ್ಲ ಅಲ್ವಾ?

ದೀಕ್ಷಾಸ್ನಾನದ ಕ್ಲಾಸಿಗೆ ಹೆಸರು ಕೊಡೋ ಹುಡುಗ ಹುಡುಗೀರು ಆರಾಧನೆ ಮುಗಿದ ಮೇಲೆ ಮನೆಯವರನ್ನೂ ಕರ್ಕೊಂಡು ಬನ್ನಿ. ವಯಸ್ಸು ಎಷ್ಟು ಅಂತ ನಾನು ಮೊದಲು ಕೇಳೋದಿಲ್ಲ. ಯಾಕೆ ಬೇಕು ಅಂತ ಕೇಳ್ತೀನಿ. ಉತ್ತರ ನೀವೇ ಹೇಳಬೇಕು, ಅಮ್ಮ ಹೇಳಬಾರದು.