ಕೂಟಲೇಖ ಮತ್ತು ಕೊಂಡ ಪ್ರಶಂಸೆ

ಸತ್ಯಾಣುವ್ರತದ ಐದು ಅತಿಚಾರಗಳಲ್ಲಿ ಉಮಾಸ್ವಾಮಿಗಳು ಕೂಟಲೇಖಕ್ರಿಯೆಯನ್ನೂ ಎಣಿಸಿದ್ದಾರೆ. ಸುಳ್ಳು ಪತ್ರ, ಸುಳ್ಳು ಲೆಕ್ಕವೆಂದು ಅದನ್ನು ವಿವರಿಸುವುದು ವಾಡಿಕೆ. ಇಂದಿನ ಗ್ರಾಹಕನಾದರೋ ಅಂಗಡಿಯ ಮೆಟ್ಟಿಲೇರುವ ಮೊದಲೇ ಅದಕ್ಕೆ ದೊರೆತ ನಕ್ಷತ್ರಗಳನ್ನೂ ಅಭಿಪ್ರಾಯಗಳನ್ನೂ ಮೊಬೈಲಿನಲ್ಲಿ ನೋಡುತ್ತಾನೆ. ಅವೂ ಹಣಕ್ಕೆ ದೊರೆಯುತ್ತವೆ! ಭಾರತೀಯ ಮಾನಕ ಬ್ಯೂರೋ 2022ರ ನವೆಂಬರಿನಲ್ಲಿ ಹೊರತಂದ ಐಎಸ್ 19000 ಮಾನಕವು ಕೊಂಡ ಅಭಿಪ್ರಾಯಗಳನ್ನು ಪ್ರಕಟಿಸಕೂಡದೆನ್ನುತ್ತದೆ. ಅದು ಪ್ರಕಟಿಸುವವರಿಗೆ ಹೇಳಿದ ಮಾತು. ಬರೆಯಿಸುವ ವರ್ತಕನನ್ನು ವ್ರತವೇ ಪ್ರಶ್ನಿಸಬೇಕು. ‘ಬರೆದವನು ನಾನಲ್ಲ, ಗುತ್ತಿಗೆ ಪಡೆದವರು’ ಎಂಬ ಸಮಾಧಾನ ಸಲ್ಲದು. ಕೃತದಂತೆ ಕಾರಿತ, ಅನುಮತಗಳಿಂದಲೂ ಆಸ್ರವವುಂಟು.

ಕಠಿಣವಾದ ಪ್ರಶ್ನೆ ಬೇರೆಯೇ ಇದೆ. ಸೀರೆಯನ್ನು ನಿಜವಾಗಿ ಕೊಂಡು ಮೆಚ್ಚಿದವಳಿಗೆ ‘ಐದು ನಕ್ಷತ್ರ ಕೊಟ್ಟರೆ ಶೇ. 10 ರಿಯಾಯಿತಿ’ ಎಂದರೆ ಅವಳ ಮಾತು ಸುಳ್ಳಾಗುವುದೇ? ಮಾತು ನಿಜವೇ. ಆದರೆ ರಿಯಾಯಿತಿಯ ಸಂಗತಿಯನ್ನರಿಯದ ಓದುಗನಿಗೆ ಅದರ ತೂಕ ಹೆಚ್ಚಾಗಿ ತೋರುತ್ತದೆ. ಆಗ ದೋಷವು ಅಚೌರ್ಯಾಣುವ್ರತದ ಹೀನಾಧಿಕಮಾನೋನ್ಮಾನಕ್ಕೆ, ಕಳ್ಳತಕ್ಕಡಿಯ ಸಾಲಿಗೆ, ಸೇರುತ್ತದೆ.

ನೆರೆಯ ಅಂಗಡಿಯವನು ನಕ್ಷತ್ರಗಳನ್ನು ಕೊಂಡಾಗ ಶ್ರಾವಕನಿಗೆ ನಷ್ಟವಾಗಬಹುದು. ಇದನ್ನು ಮರೆಮಾಚಿ ಉಪದೇಶಿಸುವುದು ತರವಲ್ಲ. ಮೆಚ್ಚಿದವರನ್ನೂ ಮುನಿದವರನ್ನೂ ಸಮಾನವಾಗಿ ಬರೆಯಲು ಕೋರುವುದು, ದೂರಿಗೆ ಎಲ್ಲರೂ ಓದುವಂತೆ ಉತ್ತರಿಸಿ ಕೆಟ್ಟ ಸೀರೆಯನ್ನು ಹಿಂದಕ್ಕೆ ಪಡೆಯುವುದು, ಇಷ್ಟು ಅವನ ಕೈಯಲ್ಲಿದೆ.