ಕರುಣೆಯೊಂದೇ ಸಾಕೇ?

ಗುಣವಾಗದ ವ್ಯಾಧಿಯಿಂದ ನರಳುವವನ ಬಾಳನ್ನು ಕರುಣೆಯಿಂದ ಕೊನೆಗಾಣಿಸುವುದು ಧರ್ಮವೇ? ಲಂಡನ್ನಿನ ಗೋಲ್ಡ್‌ಸ್ಮಿತ್ಸ್ ಕಾಲೇಜಿನಲ್ಲಿ ಬೌದ್ಧ ನೀತಿಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಡೇಮಿಯನ್ ಕಿಯೋನ್ ಅವರು ಇಂತಹ ಪ್ರಶ್ನೆಗಳನ್ನೇ ತಮ್ಮ ವ್ಯಾಸಂಗದ ವಿಷಯವಾಗಿಸಿಕೊಂಡರು. ಶೀಲವು ನಿರ್ವಾಣಕ್ಕೆ ಏರುವ ಮೆಟ್ಟಿಲು ಮಾತ್ರವಲ್ಲ, ಪ್ರಜ್ಞೆಯಂತೆ ಅದೂ ನಿರ್ವಾಣದ ಅಂಗವೇ ಎಂದು 1992ರ ಗ್ರಂಥದಲ್ಲಿ ಪ್ರತಿಪಾದಿಸಿದರು. 1995ರ ‘ಬುದ್ಧಿಸಂ ಅಂಡ್ ಬಯೋಎಥಿಕ್ಸ್’ ಕೃತಿಯಲ್ಲಿ ಈ ವಿಚಾರವನ್ನು ರೋಗಿಯ ಹಾಸಿಗೆಯ ಬಳಿಗೆ ತಂದರು.

ವಿನಯಪಿಟಕದ ಪ್ರಸಂಗವೊಂದು ಅವರ ವಾದಕ್ಕೆ ಮುಖ್ಯವಾದ ಆಧಾರ. ರೋಗಪೀಡಿತ ಭಿಕ್ಷುವೊಬ್ಬನ ಮುಂದೆ ಜೊತೆಯ ಭಿಕ್ಷುಗಳು ಕನಿಕರದಿಂದ ಮರಣವನ್ನು ಹೊಗಳಿದರು; ಆತನು ಮೃತನಾದನು. ಪ್ರೇರಣೆ ಕನಿಕರವೇ ಆಗಿದ್ದರೂ, ಅದು ಸಂಘದಿಂದ ಹೊರಹಾಕಿಸುವ ಪಾರಾಜಿಕ ದೋಷವೆಂದೇ ನಿರ್ಣಯವಾಯಿತು. ಭಾವ ಶುದ್ಧವಾದ ಮಾತ್ರಕ್ಕೆ ಕೃತ್ಯ ಶುದ್ಧವಾಗದು. ಹಾಗೆಂದು ನಿಷ್ಫಲವಾದ ಚಿಕಿತ್ಸೆಯಿಂದ ಸಾವನ್ನು ಮುಂದೂಡುತ್ತಲೇ ಇರಬೇಕೆಂಬ ಕಟ್ಟಳೆಯೂ ಇಲ್ಲವೆಂಬುದು ಕಿಯೋನರ ಮತ.

ಮಿದುಳುಕಾಂಡದ ಮರಣವೇ ಮನುಷ್ಯನ ಮರಣವೆಂದು 1995ರಲ್ಲಿ ಒಪ್ಪಿದ್ದ ಅವರು, 2010ರ ಲೇಖನದಲ್ಲಿ ಆ ನಿಲುವನ್ನು ಕೈಬಿಟ್ಟರು. ಪ್ರಾಣದ ವಿಷಯದಲ್ಲಿ ತಮ್ಮ ಮಾತನ್ನೇ ಮತ್ತೆ ತೂಗಿ ನೋಡುವುದು ವಿದ್ವಾಂಸನಿಗೆ ಕುಂದಲ್ಲ, ಭೂಷಣ.

ರೋಗಿಯ ನೋವನ್ನು ನೋಡಲಾರದ ನಮ್ಮ ಸಂಕಟವೂ ಕೆಲವೊಮ್ಮೆ ಕರುಣೆಯ ವೇಷದಲ್ಲಿ ಬರುತ್ತದೆ. ನಾವು ಮುಗಿಸಹೊರಟಿರುವುದು ಆತನ ನೋವನ್ನೋ, ನಮ್ಮ ಸಂಕಟವನ್ನೋ? ಈ ವಿವೇಚನೆಯನ್ನು ಕರುಣೆ ತಾನಾಗಿ ಮಾಡಲಾರದು. ಅದಕ್ಕೆ ಪ್ರಜ್ಞೆ ಬೇಕು. ಔಷಧದಿಂದ ನೋವನ್ನು ತಗ್ಗಿಸಿ, ಕೈ ಹಿಡಿದು ಕೊನೆಯವರೆಗೆ ಬಳಿಯಲ್ಲಿ ಕುಳಿತಿರುವುದು ಕಷ್ಟವಾದರೂ ನಿಸ್ಸಂಶಯವಾದ ಧರ್ಮ.