ಸೀಸೆಯೊಳಗಿನ ಸರ್ಪಗಂಧ ಮತ್ತು ಕಂದಮೂಲ ತ್ಯಾಗ

ಕಂದಮೂಲಗಳನ್ನು ತ್ಯಜಿಸಿದ ಶ್ರಾವಕನು ರೋಗ ಬಂದಾಗ ಬೇರಿನಿಂದ ಮಾಡಿದ ಔಷಧವನ್ನು ಸೇವಿಸಬಹುದೇ? ಪ್ರಶ್ನೆ ಹಳೆಯದು. ಅದಕ್ಕೆ ಹಿರಿಯರು ಕೊಟ್ಟ ಉತ್ತರವೂ ನಮ್ಮ ಮನೆಗಳಲ್ಲಿ ರೂಢಿಯಾಗಿದೆ. ಹಸಿಶುಂಠಿಯನ್ನು ಮುಟ್ಟದ ತಾಯಂದಿರು ಒಣಶುಂಠಿಯ ಕಷಾಯವನ್ನು ಕಾಸಿಕೊಡುತ್ತಾರೆ. ಹಸಿ ಅರಿಸಿನವನ್ನು ಒಲ್ಲದವರು ಅರಿಸಿನದ ಪುಡಿಯನ್ನು ಒಗ್ಗರಣೆಗೆ ಹಾಕುತ್ತಾರೆ. ಒಣಗಿದ್ದು ಪ್ರಾಸುಕವಾಯಿತು, ಅದರಲ್ಲಿ ಜೀವವಿಲ್ಲ ಎಂಬುದು ಇದಕ್ಕೆ ಆಧಾರ. ಈ ಉತ್ತರದಿಂದ ನಾನೂ ಬಹುಕಾಲ ಸಮಾಧಾನದಿಂದಿದ್ದೆನು. ಆ ಸಮಾಧಾನವನ್ನು ಕದಡಿದವಳು ನನ್ನ ಧರ್ಮಪತ್ನಿ.

ಆಗ ನಾನು ಮಳವಳ್ಳಿ ತಾಲ್ಲೂಕಿನ ಬ್ಲಫ್‌ನಲ್ಲಿ ವಾಸವಾಗಿದ್ದು ಉಪಾಧ್ಯಾಯ ವೃತ್ತಿಯಲ್ಲಿದ್ದೆನು. ಶಿವನಸಮುದ್ರದಲ್ಲಿ ಕಾವೇರಿಯು ಧುಮುಕುವೆಡೆ, 1902ರಲ್ಲಿ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ತನ್ನು ಕಳುಹಿಸಿದ ಆ ಪ್ರಸಿದ್ಧ ವಿದ್ಯುದಾಗಾರದ ಆಶ್ರಯದಲ್ಲಿ ಬೆಳೆದ ಪುಟ್ಟ ವಸತಿ ಅದು. ಜಿನದರ್ಶನ ಬೇಕೆಂದರೆ ಮದ್ದೂರು ಕಡೆಯ ಅರೆತಿಪ್ಪೂರಿಗೋ, ಇನ್ನೂ ಆಚೆ ಕಂಬದಹಳ್ಳಿಗೋ ಪಯಣ ಮಾಡಬೇಕು. ಅಷ್ಟಮಿ ಚತುರ್ದಶಿಗಳ ಉಪವಾಸವನ್ನು ಮಾತ್ರ ಆಕೆ ಅಲ್ಲಿಯೂ ಬಿಟ್ಟವಳಲ್ಲ. ರಕ್ತದ ಒತ್ತಡವು ಏರಿದಾಗ ವೈದ್ಯರೊಬ್ಬರು ಸರ್ಪಗಂಧದ ಬೇರಿನ ಚೂರ್ಣವನ್ನು ಕೊಟ್ಟರು. ಇದು ಬರಿಯ ನಂಬಿಕೆಯ ಮದ್ದಲ್ಲ. ಸ್ವಿಟ್ಜರ್ಲೆಂಡಿನ ವಿಜ್ಞಾನಿಗಳು 1952ರಲ್ಲಿ ಈ ಬೇರಿನಿಂದಲೇ ರೆಸರ್ಪಿನ್ ಎಂಬ ಸತ್ವವನ್ನು ಬೇರ್ಪಡಿಸಿದರು, ಅದು ಜಗತ್ತಿನಾದ್ಯಂತ ರಕ್ತದೊತ್ತಡಕ್ಕೆ ಔಷಧವಾಯಿತು. ನಾನು ಒಣಶುಂಠಿಯ ನ್ಯಾಯವನ್ನು ಹೇಳಿ ಪೊಟ್ಟಣವನ್ನು ಮುಂದಿಟ್ಟೆನು. ಆಕೆ ಕೇಳಿದಳು: “ಒಣಗಿಸಿದ್ದರಿಂದ ನಾಲಿಗೆಗೆ ದೋಷ ತಪ್ಪಿತು ಅನ್ನಿ. ಅಗೆದ ಕೈಗೆ ತಪ್ಪಿತೇ? ಆ ಕೈ ಅಗೆದದ್ದು ನನ್ನಂಥವರಿಗಾಗಿ ತಾನೇ?”

ಕೃತ, ಕಾರಿತ, ಅನುಮೋದನೆಗಳನ್ನು ಪಾಠಶಾಲೆಯ ಮಕ್ಕಳಿಗೆ ಬಾಯಿಪಾಠ ಮಾಡಿಸಿದವನು ನಾನು. ಉತ್ತರ ಹೊಳೆಯಲಿಲ್ಲ. ಎಲೆಯನ್ನೋ ಹಣ್ಣನ್ನೋ ಕೊಯ್ದರೆ ಗಿಡ ಉಳಿಯುತ್ತದೆ. ಬೇರನ್ನು ಕಿತ್ತರೆ ಉಳಿಯುವುದೇನು? ಕಾಡಿನ ಸರ್ಪಗಂಧವು ವಿರಳವಾಗಿ, ಅಂತರರಾಷ್ಟ್ರೀಯ ವ್ಯಾಪಾರಕ್ಕೆ ನಿರ್ಬಂಧವುಳ್ಳ ಸಸ್ಯಗಳ ಪಟ್ಟಿಗೆ ಸೇರಿದ್ದು ಈ ಅಗೆತದ ಫಲವೇ. ಆಕೆ ಚೂರ್ಣವನ್ನು ಹಿಂದಿರುಗಿಸಿ ಬೇರೆ ಮಾತ್ರೆಗಳನ್ನು ನುಂಗಿದಳು. ಈಗ ಆಕೆ ಇಲ್ಲ.

ನಿವೃತ್ತನಾದ ಮೇಲೆ ಒಂದು ದಿನ, ಸಸ್ಯ ಸಂಶೋಧನೆಯಲ್ಲಿ ತೊಡಗಿರುವ ನನ್ನ ಹಳೆಯ ಶಿಷ್ಯನೊಬ್ಬನು ಮನೆಗೆ ಬಂದು ಮೂರು ಗಾಜಿನ ಸೀಸೆಗಳನ್ನು ಮೇಜಿನ ಮೇಲಿಟ್ಟನು. ಒಳಗೆ ಬೆರಳುದ್ದದ ಹಸುರು ಸಸಿಗಳು. ಮಣ್ಣಿಲ್ಲ, ತಿಳಿಯಾದ ಲೋಳೆಯಲ್ಲಿ ನಿಂತಿವೆ. “ಸರ್ಪಗಂಧ, ಸಾರ್. ಒಂದು ಗಿಡದ ಚಿಗುರಿನ ತುಣುಕಿನಿಂದ ನೂರಾರು ಮಾಡಬಹುದು. ತಾಯಿಗಿಡ ಹಾಗೆಯೇ ಇರುತ್ತದೆ” ಎಂದನು.

ಅವನಿಂದ ತಿಳಿದದ್ದನ್ನೂ ಅನಂತರ ಓದಿಕೊಂಡದ್ದನ್ನೂ ಸ್ವಲ್ಪದರಲ್ಲಿ ಹೇಳುತ್ತೇನೆ. ಸಸ್ಯದ ಒಂದೊಂದು ಜೀವಕೋಶವನ್ನೂ ಬಿಡಿಯಾಗಿ ಬೆಳೆಸಬಹುದೆಂಬ ವಿಚಾರವನ್ನು ಆಸ್ಟ್ರಿಯಾದ ಹಾಬರ್‌ಲಾಂಟ್ ಮುಂದಿಟ್ಟದ್ದು 1902ರಲ್ಲಿ, ಅಂದರೆ ನಮ್ಮ ಬ್ಲಫ್‌ನ ಚಕ್ರಗಳು ತಿರುಗತೊಡಗಿದ ವರ್ಷವೇ. 1958ರಲ್ಲಿ ಅಮೆರಿಕದಲ್ಲಿ ಸ್ಟೀವರ್ಡ್ ಎಂಬವರು ಅದನ್ನು ಸಿದ್ಧಮಾಡಿ ತೋರಿಸಿದರು. ಅವರು ಆರಿಸಿದ್ದು ಗಜ್ಜರಿಯನ್ನು (ನಾವು ಬಿಟ್ಟ ಗೆಡ್ಡೆಯನ್ನೇ!), ಅದರ ಕೋಶಗಳಿಗೆ ಉಣಿಸಿದ್ದು ತೆಂಗಿನಕಾಯಿಯ ನೀರನ್ನು. ಮದ್ದೂರಿನ ಎಳನೀರು ಮಾರುಕಟ್ಟೆಯನ್ನು ನೋಡಿದವರಿಗೆ ಇದು ಸೋಜಿಗವೆನಿಸಬಹುದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಲಕ್ಷ್ಮೀ ಸೀತಾ ಮತ್ತು ಸಂಗಡಿಗರು ಶ್ರೀಗಂಧದ ಕುಡಿಯ ತುಣುಕಿನಿಂದ ಭ್ರೂಣಗಳನ್ನೂ ಸಸಿಗಳನ್ನೂ ಪಡೆದ ವರದಿಯನ್ನು 1979ರಲ್ಲಿ ಪ್ರಕಟಿಸಿದರು. ಇನ್ನೂ ಮುಂದೆ ಹೋಗಿ, ಗಿಡವನ್ನೇ ಮಾಡದೆ ಬರಿಯ ಕೋಶಗಳನ್ನು ದೊಡ್ಡ ಪಾತ್ರೆಗಳಲ್ಲಿ ಬೆಳೆಸಿ ಔಷಧದ ಸತ್ವವನ್ನು ತೆಗೆಯುವ ಕ್ರಮವೂ ಇದೆ. ಶಿಕೋನಿನ್ ಎಂಬ ಕೆಂಪು ದ್ರವ್ಯಕ್ಕಾಗಿ ಜಪಾನಿನವರು ವರ್ಷಗಟ್ಟಲೆ ಬೆಳೆದ ಬೇರುಗಳನ್ನು ಅಗೆಯುತ್ತಿದ್ದರು. 1983ರ ಹೊತ್ತಿಗೆ ಅದನ್ನು ಪಾತ್ರೆಯಲ್ಲಿಯೇ ಪಡೆದು ಮಾರಾಟಕ್ಕೆ ತಂದರು. ಅರ್ಬುದ ರೋಗಕ್ಕೆ ಕೊಡುವ ಟ್ಯಾಕ್ಸಾಲಿಗಾಗಿ ಮೊದಲು ಯೂ ಮರದ ತೊಗಟೆಯನ್ನು ಸುಲಿಯುತ್ತಿದ್ದರು, ಸುಲಿದ ಮರ ಸಾಯುತ್ತಿತ್ತು. ಈಗ ಅದೂ ಕೋಶಗಳ ಪಾತ್ರೆಯಿಂದ ಬರುತ್ತದೆ.

ಇದನ್ನೆಲ್ಲ ಕೇಳಿ, ಆಕೆಯ ಪ್ರಶ್ನೆಗೆ ಕೊನೆಗೂ ಉತ್ತರ ದೊರೆಯಿತೆಂದು ಹಿಗ್ಗಿದೆನು. ಅಗೆಯುವ ಕೈಯೇ ಇಲ್ಲದ ಬೇರು! ಆ ರಾತ್ರಿ ಗೊಮ್ಮಟಸಾರದ ಜೀವಕಾಂಡವನ್ನು ತೆರೆದಾಗ ಹಿಗ್ಗು ಇಳಿಯಿತು.

ಚಾವುಂಡರಾಯನ ನಿಮಿತ್ತವಾಗಿ ನೇಮಿಚಂದ್ರ ಸಿದ್ಧಾಂತ ಚಕ್ರವರ್ತಿಗಳು ರಚಿಸಿದ, ಕೇಶವಣ್ಣನು 1359ರಲ್ಲಿ ಕನ್ನಡ ವೃತ್ತಿಯನ್ನು ಬರೆದ ಆ ಗ್ರಂಥವು ಅನಂತ ಜೀವಗಳಿಗೆ ಆಶ್ರಯವಾದ ವನಸ್ಪತಿಯನ್ನು ಗುರುತಿಸಲು ಲಕ್ಷಣಗಳನ್ನು ಹೇಳುತ್ತದೆ: ನರಗಳೂ ಸಂದುಗಿಣ್ಣುಗಳೂ ಹೊರಗೆ ತೋರಬಾರದು, ಮುರಿದರೆ ಸಮನಾಗಿ ಮುರಿಯಬೇಕು, ನಾರು ಇರಬಾರದು, ಕತ್ತರಿಸಿದರೂ ಮತ್ತೆ ಬೆಳೆಯಬೇಕು. ಈ ಕೊನೆಯದಕ್ಕೆ ಛಿನ್ನರುಹವೆಂದು ಹೆಸರು. ಸಸ್ಯದ ತುಣುಕು ಸೀಸೆಯಲ್ಲಿ ಮೊದಲು ಎಲೆಯೂ ಅಲ್ಲದ ಬೇರೂ ಅಲ್ಲದ ಒಂದು ಮೆದು ಮುದ್ದೆಯಾಗುವುದುಂಟು, ಕ್ಯಾಲಸ್ ಎನ್ನುತ್ತಾರೆ. ನರವಿಲ್ಲ, ನಾರಿಲ್ಲ, ಒತ್ತಿದರೆ ಬೆಣ್ಣೆಯಂತೆ ಬಿರಿಯುತ್ತದೆ, ನೂರು ತುಂಡು ಮಾಡಿದರೆ ನೂರೂ ಬೆಳೆಯುತ್ತವೆ. ಲಕ್ಷಣ ಒಂದೂ ತಪ್ಪಲಿಲ್ಲ. ಒಂದು ಗಿಡದ ಬೇರನ್ನು ಉಳಿಸಲು ಹೋಗಿ ಅನಂತಕಾಯವನ್ನೇ ಪಾತ್ರೆಗಟ್ಟಲೆ ಬೆಳೆಸಿದಂತಾಯಿತಲ್ಲ!

ಒಂದು ಜೀವವನ್ನು ನೂರಾಗಿ ಒಡೆದರಲ್ಲ ಎಂದು ಕೆಲವರು ಅಂಜುತ್ತಾರೆ. ಆ ಅಂಜಿಕೆ ಬೇಡ. ಜೀವವು ಅಖಂಡ, ಚಾಕುವಿಗೆ ಸಿಕ್ಕುವುದಿಲ್ಲ. ಯೋನಿಭೂತವಾದ ಬೀಜದಲ್ಲಿ ಹಿಂದಿನ ಜೀವವೇ ಬರಬಹುದು, ಬೇರೊಂದು ಜೀವವೂ ಬರಬಹುದೆಂದು ಅದೇ ಗ್ರಂಥದಲ್ಲಿದೆ. ಮಂಡ್ಯದ ರೈತನು ಕಬ್ಬಿನ ತುಂಡುಗಳನ್ನು ನೆಟ್ಟಾಗ ನಡೆಯುವುದೂ ಇದೇ. ನೂರು ಸಸಿಗಳ ರೂಪ ಒಂದೇ ಆದರೂ ಜೀವಗಳು ಬೇರೆ ಬೇರೆ.

ಉಳಿದದ್ದು ಲೆಕ್ಕದ ತೊಡಕು. ಏಕೇಂದ್ರಿಯಗಳ ಸಂಖ್ಯೆಯೊಂದನ್ನೇ ಹಿಡಿದರೆ ಸೀಸೆಯು ಸೋಲುತ್ತದೆ. ಆದರೆ ಗೃಹಸ್ಥನ ಅಹಿಂಸಾಣುವ್ರತವು ಮೊದಲು ಕಾಯುವುದು ತ್ರಸಜೀವಗಳನ್ನು. ಗುದ್ದಲಿಯು ನೆಲಕ್ಕೆ ಬಿದ್ದಾಗ ಸಾಯುವುದು ಗಿಡವೊಂದೇ ಅಲ್ಲ; ಎರಡಿಂದ್ರಿಯದ ಎರೆಹುಳುವಿದೆ, ಮೂರಿಂದ್ರಿಯದ ಇರುವೆಯಿದೆ, ಅವುಗಳ ಮೊಟ್ಟೆಮರಿಗಳಿವೆ. ಸೀಸೆಯಲ್ಲಿ ತ್ರಸಘಾತವಿಲ್ಲ. ಸೀಸೆಯನ್ನೂ ಅದರ ಲೋಳೆಯನ್ನೂ 121 ಡಿಗ್ರಿ ಸೆಲ್ಸಿಯಸ್ ಉಗಿಯಲ್ಲಿ ಕಾಯಿಸಿ ಸೂಕ್ಷ್ಮಜೀವಿಗಳನ್ನು ಕೊಲ್ಲುತ್ತಾರೆಂಬುದನ್ನು ನಾನು ಮುಚ್ಚಿಡುವುದಿಲ್ಲ. ಆದರೆ ಹಾಲು ಕಾಯಿಸುವ ಮನೆಯವರು ಆ ಆಕ್ಷೇಪವನ್ನು ದೊಡ್ಡದು ಮಾಡಲಾರರು. ಆದ್ದರಿಂದ ರೋಗಿಯ ಮುಂದೆ ಕಾಡಿನಿಂದ ಕಿತ್ತ ಬೇರು, ಪಾತ್ರೆಯಲ್ಲಿ ಬೆಳೆದ ಸತ್ವ ಎರಡೂ ಇದ್ದರೆ ಎರಡನೆಯದನ್ನೇ ಕೊಡತಕ್ಕದ್ದೆಂದು ನನ್ನ ಅಭಿಪ್ರಾಯ. ಅಲ್ಪ ದೋಷವೆಂದು ಕೊಡಬೇಕು, ನಿರ್ದೋಷವೆಂದಲ್ಲ. ಪ್ರತಿಮಾಧಾರಿಗಳಾದ ತ್ಯಾಗಿಗಳಿಗೆ ಈ ಮಾತನ್ನು ಹೇಳುವ ಅಧಿಕಾರ ನನಗಿಲ್ಲ. ಅವರು ಗುರುಗಳನ್ನು ಕೇಳತಕ್ಕದ್ದು.

ಸುಗಂಧದ ವಿಷಯದಲ್ಲಿ ನನಗೆ ಇಷ್ಟು ಔದಾರ್ಯವಿಲ್ಲ. ಔಷಧೀಯ ಮತ್ತು ಸುಗಂಧ ಸಸ್ಯಗಳೆಂದು ಎರಡನ್ನೂ ಒಂದೇ ಉಸಿರಿನಲ್ಲಿ ಹೇಳುವುದು ವಿಜ್ಞಾನಿಗಳ ರೂಢಿ. ಲಕ್ನೋದಲ್ಲಿರುವ ಕೇಂದ್ರ ಸಂಸ್ಥೆಯ ಹೆಸರೇ ಹಾಗಿದೆ, ಅದರ ಸಂಶೋಧನಾ ಕೇಂದ್ರವೊಂದು ಬೆಂಗಳೂರಿನಲ್ಲಿಯೂ ಇದೆ. ಶ್ರಾವಕನು ಇವೆರಡನ್ನು ಬಿಡಿಸಿ ನೋಡಬೇಕು. ಸಮಂತಭದ್ರ ಸ್ವಾಮಿಗಳು ಫಲ ಅಲ್ಪ, ಘಾತ ಬಹಳ ಎಂಬ ಕಾರಣಕ್ಕಾಗಿ ಬಿಡಬೇಕೆಂದ ವಸ್ತುಗಳಲ್ಲಿ ಮೂಲಂಗಿ, ಹಸಿಶುಂಠಿಗಳ ಜೊತೆಗೆ ಘಮಘಮಿಸುವ ಕೇದಗೆಯೂ ಇದೆ. ಉಪವಾಸದ ದಿನ ಗಂಧಪುಷ್ಪಗಳನ್ನೂ ತ್ಯಜಿಸಲು ಅವರು ವಿಧಿಸಿದ್ದಾರೆ. ಶ್ರೀಗಂಧದ ಬೇರಿನಲ್ಲಿಯೂ ಎಣ್ಣೆಯಿರುವುದರಿಂದ ಅದನ್ನು ಕಡಿಯುವುದಿಲ್ಲ, ಬುಡಸಮೇತ ಕೀಳುತ್ತಾರೆ. ಸೀಸೆಯಿಂದ ಲಕ್ಷ ಗಂಧದ ಸಸಿಗಳು ಬಂದರೆ ಕಾಡಿನ ಮರಕ್ಕೆ ಉಸಿರಾಡಲು ಬಿಡುವು ಸಿಕ್ಕೀತು, ನಿಜ. ಆದರೆ ಸುಲಭವಾಗಿ ದೊರೆಯುವುದನ್ನು ಮಿತವಾಗಿ ಬಳಸಿದವರನ್ನು ನಾನು ಹೆಚ್ಚಾಗಿ ಕಂಡಿಲ್ಲ. ಭೋಗೋಪಭೋಗ ಪರಿಮಾಣಕ್ಕೆ ಪ್ರಯೋಗಾಲಯವು ಸಹಾಯ ಮಾಡಲಾರದು, ಅದನ್ನು ನಾವೇ ಬರೆದಿಟ್ಟುಕೊಳ್ಳಬೇಕು.

ನನ್ನ ಈ ನಿರ್ಣಯವನ್ನು ಆಕೆ ಒಪ್ಪುತ್ತಿದ್ದಳೇ? ಕ್ಯಾಲಸಿನ ವಿಷಯವನ್ನು ಕೇಳಿದ್ದರೆ ಆಕೆ ಇನ್ನೊಂದು ಪ್ರಶ್ನೆ ಹಾಕುತ್ತಿದ್ದಳೆಂದು ನನಗೆ ಖಂಡಿತವಾಗಿ ಗೊತ್ತು. ಅದು ಯಾವುದೆಂದು ಊಹಿಸಲು ಪ್ರಯತ್ನಿಸಿ ಸೋತಿದ್ದೇನೆ.

ಸೀಸೆಯಿಂದ ಹೊರಗೆ ಬಂದ ಸಸಿಗೆ ಬಿಸಿಲುಗಾಳಿಗಳನ್ನು ಮೆಲ್ಲಮೆಲ್ಲನೆ ರೂಢಿಮಾಡಿಸಬೇಕಂತೆ. ಮೂರರಲ್ಲಿ ಎರಡು ನನ್ನ ಕೈಯಲ್ಲಿ ಬಾಡಿದವು. ಉಳಿದ ಒಂದು ಹಿತ್ತಲಿನ ನೆರಳಿನಲ್ಲಿ ಮೊಳಕಾಲುದ್ದ ಬೆಳೆದು, ಕೆಂಪು ತೊಟ್ಟಿನ ಬಿಳಿಯ ಹೂಗಳನ್ನು ಬಿಟ್ಟಿದೆ. ಬೇರು ಎಷ್ಟು ದಪ್ಪವಾಗಿರಬಹುದೆಂದು ಮೊಮ್ಮಗನು ಆಗಾಗ ಕೇಳುತ್ತಾನೆ.